ವಿಡಿಯೊ ಮುಗಿದ ಮೇಲೆ ಮಕ್ಕಳ ತಲೆಯಲ್ಲಿ ಏನು ಉಳಿಯಿತು?

ತರಗತಿಯಲ್ಲಿ ಪ್ರೊಜೆಕ್ಟರ್, ಟ್ಯಾಬ್, ಮೊಬೈಲ್ ಬಳಸುವ ಬಗ್ಗೆ ಶಿಕ್ಷಕರೂ ಪೋಷಕರೂ ಕಳಿಸಿದ ಪ್ರಶ್ನೆಗಳಲ್ಲಿ ಏಳನ್ನು ಇಲ್ಲಿ ಆರಿಸಿಕೊಂಡಿದ್ದೇನೆ. ಮೊದಲನೆಯದನ್ನು ಬೇರೆ ಬೇರೆ ಮಾತಿನಲ್ಲಿ ತುಂಬಾ ಜನ ಕೇಳಿದ್ದಾರೆ. ಹಾಗಾಗಿ ಅದರ ಉತ್ತರ ಸ್ವಲ್ಪ ಉದ್ದ.

ಪ್ರಶ್ನೆ: ಮೇಡಂ, ನಾನು ನಾಲ್ಕನೇ ತರಗತಿಯ ಟೀಚರ್. ನಮ್ಮ ಕ್ಲಾಸಿಗೆ ಕಳೆದ ವರ್ಷ ಪ್ರೊಜೆಕ್ಟರ್ ಬಂತು. ವಿಡಿಯೊ ಹಾಕಿದ ತಕ್ಷಣ ಗಲಾಟೆ ನಿಲ್ಲುತ್ತದೆ, ಎಲ್ಲರೂ ಕಣ್ಣು ಮಿಟುಕಿಸದೆ ನೋಡುತ್ತಾರೆ. ಮಾರನೇ ದಿನ ಕೇಳಿದರೆ ಏನೂ ನೆನಪಿರುವುದಿಲ್ಲ. 'ಚೆನ್ನಾಗಿತ್ತು ಮಿಸ್, ಇನ್ನೊಂದ್ಸಲ ಹಾಕಿ' ಅನ್ನುತ್ತಾರೆ, ಅಷ್ಟೇ. ತಪ್ಪು ವಿಡಿಯೊದ್ದೋ ನನ್ನದೋ?

ಉತ್ತರ: ಟೀಚರ್, ನಾನೂ ಎರಡು ವರ್ಷ ಇದೇ ಮಾಡಿದ್ದೆ. ಮಕ್ಕಳು ಸುಮ್ಮನೆ ಕೂತಿದ್ದಾರೆ ಅಂದರೆ ಕಲಿಯುತ್ತಿದ್ದಾರೆ ಅಂದುಕೊಂಡಿದ್ದೆ.

ಒಮ್ಮೆ ಜಲಚಕ್ರದ ಬಗ್ಗೆ ಆರು ನಿಮಿಷದ ಒಂದು ವಿಡಿಯೊ ಹಾಕಿದೆ. ಒಳ್ಳೆಯ ವಿಡಿಯೊನೇ. ಮುಗಿದ ಮೇಲೆ 'ಅರ್ಥ ಆಯ್ತಾ?' ಅಂದೆ. 'ಆಯ್ತು ಮಿಸ್' ಅಂತ ಇಡೀ ಕ್ಲಾಸು ರಾಗ ಎಳೆಯಿತು. ಯಾಕೋ ಆವತ್ತು ಅಲ್ಲಿಗೇ ಬಿಡದೆ, ನೋಡಿದ್ದನ್ನು ನೋಟ್‌ಬುಕ್ಕಿನಲ್ಲಿ ಬಿಡಿಸಿ ಅಂದೆ. ಒಬ್ಬಳು ಮೋಡದ ಕೆಳಗೆ ನಲ್ಲಿ ಬಿಡಿಸಿದ್ದಳು. ತಿರುಗಿಸುವ ಹಿಡಿ ಸಮೇತ! ಅವಳ ಲೆಕ್ಕ ಸರಿಯಾಗಿಯೇ ಇತ್ತು. ಒಳಗೆ ನೀರು ತುಂಬಿದೆ, ಒಂದೊಂದು ಸಲ ಮಾತ್ರ ಸುರಿಯುತ್ತದೆ, ಅಂದಮೇಲೆ ನಲ್ಲಿ ಇರಲೇಬೇಕಲ್ವಾ? ಪಕ್ಕದ ಹುಡುಗ ಕೆರೆಯಿಂದ ಮೇಲೇಳುವ ಆವಿಗೆ ನೀಲಿ ಬಣ್ಣ ಬಳಿದಿದ್ದ. ವಿಡಿಯೊದಲ್ಲಿ ನೀಲಿ ಬಾಣಗಳಿದ್ದವು, ಅದಕ್ಕೇ. ನೀರಾವಿ ಕಣ್ಣಿಗೆ ಕಾಣುವುದಿಲ್ಲ ಅನ್ನುವುದೇ ಆ ಪಾಠದ ಕಷ್ಟದ ಜಾಗ. ವಿಡಿಯೊ ಅದರ ಮೇಲೇ ಬಣ್ಣ ಹಚ್ಚಿ ಹೋಗಿತ್ತು.

ತೊಂದರೆ ಇರುವುದು ವೇಗದಲ್ಲಿ. ತಲೆ ಒಂದು ಸಲಕ್ಕೆ ಹಿಡಿದಿಟ್ಟುಕೊಳ್ಳುವುದು ಕೆಲವೇ ಸಂಗತಿಗಳನ್ನು. ಚಿಕ್ಕವರಲ್ಲಿ ಅದು ಇನ್ನೂ ಕಡಿಮೆ. ಪುಸ್ತಕದಲ್ಲಾದರೆ ಅರ್ಥವಾಗದಿದ್ದಾಗ ಕಣ್ಣು ತಾನಾಗಿ ಹಿಂದಿನ ಸಾಲಿಗೆ ಹೋಗುತ್ತದೆ. ವಿಡಿಯೊ ಯಾರಿಗೂ ಕಾಯುವುದಿಲ್ಲ. ಕ್ಯಾಲಿಫೋರ್ನಿಯಾದ ರಿಚರ್ಡ್ ಮೇಯರ್ ಅನ್ನುವ ಮನಶ್ಶಾಸ್ತ್ರಜ್ಞರು ಹಲವು ದಶಕ ಇದರ ಮೇಲೇ ಕೆಲಸ ಮಾಡಿದ್ದಾರೆ. ಪಾಠವನ್ನು ಚೂರು ಚೂರಾಗಿ ನಿಲ್ಲಿಸಿ ತೋರಿಸಿದರೆ ಒಂದೇ ಓಟದಲ್ಲಿ ತೋರಿಸಿದ್ದಕ್ಕಿಂತ ಚೆನ್ನಾಗಿ ಹತ್ತುತ್ತದೆ ಅನ್ನುವುದು ಅವರು ಕಂಡುಕೊಂಡದ್ದರಲ್ಲಿ ಒಂದು. ವಿಷಯಕ್ಕೆ ಸಂಬಂಧವಿಲ್ಲದ ಸಂಗೀತ, ಕುಣಿಯುವ ಗೊಂಬೆ ಇದ್ದಷ್ಟೂ ಕಲಿಕೆ ಕಮ್ಮಿಯಾಗುತ್ತದೆ ಅನ್ನುವುದು ಇನ್ನೊಂದು. ಮಕ್ಕಳ ವಿಡಿಯೊ ಮಾಡುವವರು ತುಂಬುವುದು ಅದನ್ನೇ, ಏನು ಹೇಳೋಣ.

ಈಗ ನಾನು ಹೇಗೆ ಮಾಡುತ್ತೇನೆ ಹೇಳುತ್ತೇನೆ. ಹಿಂದಿನ ದಿನವೇ ಮನೆಯಲ್ಲಿ ಪೂರ್ತಿ ನೋಡಿ, ಎಲ್ಲಿ ನಿಲ್ಲಿಸಬೇಕು ಅಂತ ಎರಡು ಜಾಗ ಗುರುತು ಹಾಕಿಕೊಳ್ಳುತ್ತೇನೆ. ತರಗತಿಯಲ್ಲಿ ವಿಡಿಯೊಗೆ ಮೊದಲು ಪ್ರಶ್ನೆ. 'ಒಣಗಿದ ನೀರು ಎಲ್ಲಿಗೆ ಹೋಯಿತು?' ಎಲ್ಲರೂ ಒಂದು ಊಹೆ ಬರೆಯಲೇಬೇಕು, ತಪ್ಪಾದರೂ ಪರವಾಗಿಲ್ಲ. ಆಮೇಲೆ ವಿಡಿಯೊ. ಮೊದಲ ಗುರುತು ಬಂದಾಗ ನಿಲ್ಲಿಸಿ, ಮುಂದೆ ಏನಾಗುತ್ತದೆ ಅಂತ ಪಕ್ಕದವರಿಗೆ ಹೇಳಿ ಅನ್ನುತ್ತೇನೆ. ಎರಡು ನಿಮಿಷ ಕ್ಲಾಸು ಗಿಜಿಗುಟ್ಟುತ್ತದೆ. ಗುಟ್ಟಲಿ. ಇನ್ನೊಂದು ಸಲ ಹಾಕಿ ಅಂದರೆ ಹಾಕುತ್ತೇನೆ, ಆದರೆ ಧ್ವನಿ ಬಂದ್ ಮಾಡಿ. ಈಗ ವಿವರಣೆ ಕೊಡುವ ಸರದಿ ಅವರದು. ಯಾರಿಗೆ ಎಲ್ಲಿ ಮಾತು ನಿಲ್ಲುತ್ತದೋ ಅಲ್ಲಿ ಅರ್ಥವಾಗಿಲ್ಲ ಅಂತ ಲೆಕ್ಕ. ಮಾರನೇ ದಿನ ವಿಡಿಯೊ ಇಲ್ಲ, ಪುಸ್ತಕವೂ ಇಲ್ಲ. ನೆನಪಿನಿಂದ ಚಿತ್ರ ಬಿಡಿಸಬೇಕು. ನೆನಪಿಸಿಕೊಳ್ಳಲು ತಿಣುಕುವಾಗಲೇ ವಿಷಯ ಗಟ್ಟಿಯಾಗಿ ಕೂರುವುದು.

ಇನ್ನೊಂದು ಮಾತು. ಕಣ್ಣೆದುರು ತೋರಿಸಬಹುದಾದದ್ದಕ್ಕೆ ವಿಡಿಯೊ ಬೇಡ. ಅಂಗಳದಲ್ಲಿ ಒಂದು ಲೋಟ ನೀರು ಚೆಲ್ಲಿ, ಅದರ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಅರ್ಧ ಗಂಟೆ ಬಿಟ್ಟು ಹೋಗಿ ಹೊಸ ಅಂಚಿಗೆ ಇನ್ನೊಂದು ಗೆರೆ. ಮತ್ತೆ ಇನ್ನೊಂದು. ಗೆರೆಗಳು ಒಂದರೊಳಗೊಂದು ಸಣ್ಣದಾಗುತ್ತಾ ಬರುವುದನ್ನು ನೋಡಿದ ಮಗುವಿಗೆ ಆವಿಯಾಗುವುದು ಅಂದರೇನು ಅಂತ ಬಾಯಲ್ಲಿ ಹೇಳಬೇಕಿಲ್ಲ. ಎತ್ತರದ ಮೋಡದೊಳಗೆ ಏನಾಗುತ್ತದೆ, ಜ್ವಾಲಾಮುಖಿ ಹೇಗೆ ಉಗುಳುತ್ತದೆ, ಕಪ್ಪೆಯ ಮೊಟ್ಟೆ ವಾರಗಟ್ಟಲೆ ತೆಗೆದುಕೊಂಡು ಕಪ್ಪೆಯಾಗುವುದು, ಎದೆಯೊಳಗೆ ಹೃದಯ ಬಡಿಯುವುದು, ಇಂಥವಕ್ಕೆ ವಿಡಿಯೊ ಬೇಕೇ ಬೇಕು. ಅಲ್ಲಿಗೆ ನಾವು ಮಕ್ಕಳನ್ನು ಕರೆದುಕೊಂಡು ಹೋಗಲಾರೆವು.

ಯೂಟ್ಯೂಬ್‌ನಿಂದ ತೋರಿಸುವುದಾದರೆ ಆಟೋಪ್ಲೇ ಆಫ್ ಮಾಡಿಡಿ. ಶುರುವಿನ ಜಾಹೀರಾತು ಕಳೆದ ಮೇಲೆಯೇ ಪ್ರೊಜೆಕ್ಟರ್‌ಗೆ ಜೋಡಿಸಿ. ಕೊನೆಯಲ್ಲಿ ಬೇರೆ ವಿಡಿಯೊಗಳ ಚಿತ್ರ ಬರುವ ಮೊದಲೇ ಪರದೆ ಖಾಲಿ ಮಾಡಿ. ಇದನ್ನು ನಾನು ಕಲಿತದ್ದು ಮುಜುಗರಪಟ್ಟ ಮೇಲೆ.

ಪ್ರಶ್ನೆ: ಸ್ಮಾರ್ಟ್ ಕ್ಲಾಸ್ ಅಂತೆಲ್ಲ ಓದುತ್ತೇವೆ. ನಮ್ಮಲ್ಲಿರುವುದು 38 ಮಕ್ಕಳು, ಒಂದು ಹಳೇ ಲ್ಯಾಪ್‌ಟಾಪ್, ನನ್ನದೇ ಮೊಬೈಲ್. ಇಂಟರ್‌ನೆಟ್ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಇಷ್ಟರಲ್ಲಿ ಏನು ಮಾಡಲಿಕ್ಕಾಗುತ್ತದೆ?

ಉತ್ತರ: ಮೇಷ್ಟ್ರೇ, ಆ ಮೊಬೈಲನ್ನು ಟಿವಿ ಅಂದುಕೊಳ್ಳಬೇಡಿ. 38 ಜನ ಅದನ್ನು ನೋಡಲಾಗದು. ಅದೊಂದು ಕಣ್ಣು, ಒಂದು ಕಿವಿ ಅಂದುಕೊಳ್ಳಿ. ಆಗ ದಾರಿ ತೆರೆಯುತ್ತದೆ.

ಮೊದಲು ಕಣ್ಣು. ಮೊಳಕೆ ಹಾಕಿದ ಕುಂಡವನ್ನು ದಿನವೂ ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ ನಿಂತು ಒಂದು ಫೋಟೊ ತೆಗೆಯುವ ಕೆಲಸ ಇಬ್ಬರು ಮಕ್ಕಳದು. ನಿಲ್ಲುವ ಜಾಗಕ್ಕೆ ನೆಲದಲ್ಲಿ ಗುರುತು. ಹದಿನೈದನೇ ದಿನ ಲ್ಯಾಪ್‌ಟಾಪಿನಲ್ಲಿ ಹದಿನೈದು ಫೋಟೊಗಳನ್ನು ಸರಸರ ಓಡಿಸಿ. ಗಿಡ ಎದ್ದು ನಿಲ್ಲುತ್ತದೆ. ಕಿಟಕಿಯ ಕಡೆಗೆ ಅದು ವಾಲಿದ್ದನ್ನು ನೀವು ಹೇಳುವ ಮೊದಲೇ ಯಾರಾದರೂ ಕೂಗುತ್ತಾರೆ. ಇನ್ನೊಂದು ದಿನ ದಿನಪತ್ರಿಕೆಯ ಬಣ್ಣದ ಚಿತ್ರವನ್ನು ತೀರಾ ಹತ್ತಿರದಿಂದ ತೆಗೆದು ದೊಡ್ಡದು ಮಾಡಿ ತೋರಿಸಿ. ಮುಖ ಹೋಗಿ ಬರೀ ಚುಕ್ಕಿ ಆಗಿರುತ್ತದೆ. ಹಸಿರು ಅಂದುಕೊಂಡಿದ್ದ ಜಾಗದಲ್ಲಿ ನೀಲಿ ಚುಕ್ಕಿ, ಹಳದಿ ಚುಕ್ಕಿ.

ಆಮೇಲೆ ಕಿವಿ. ಓದುವುದನ್ನು ರೆಕಾರ್ಡ್ ಮಾಡಿ ಅದೇ ಮಗುವಿಗೆ ಕೇಳಿಸುವುದು ನನಗೆ ತುಂಬಾ ಇಷ್ಟದ ಕೆಲಸ. ಪೂರ್ಣವಿರಾಮ ಬಂದರೂ ನಿಲ್ಲದ ಒಬ್ಬ ಹುಡುಗನಿದ್ದ. ಮೂರು ತಿಂಗಳು ಹೇಳಿ ಸುಸ್ತಾಗಿದ್ದೆ. ತನ್ನದೇ ಓದನ್ನು ಕೇಳಿಸಿಕೊಂಡು ಅವನು ಕೇಳಿದ್ದು: 'ಯಾರು ಮಿಸ್ ಇದು, ರೈಲು ಓಡಿಸ್ತಿರೋದು?' ಎರಡನೇ ಸಲ ಓದುವಾಗ ಪ್ರತಿ ಚುಕ್ಕಿಗೂ ನಿಂತ. ಸ್ವಲ್ಪ ಜಾಸ್ತಿನೇ ನಿಂತ.

ಲ್ಯಾಪ್‌ಟಾಪಿಗೆ ಮೂವರ ಗುಂಪು ಸಾಕು. ಉಳಿದವರಿಗೆ ಬೇರೆ ಕೆಲಸ, ಸರದಿ ಪ್ರಕಾರ ಬದಲಿ. ಒಂದೇ ಒಂದು ನಿಯಮ ಇಡಿ. ಮೌಸ್ ಹಿಡಿದವರು ತಾವೇ ತೀರ್ಮಾನ ಮಾಡುವಂತಿಲ್ಲ, ತೀರ್ಮಾನ ಹೇಳುವವರು ಮೌಸ್ ಮುಟ್ಟುವಂತಿಲ್ಲ. ಇದಿಲ್ಲದಿದ್ದರೆ ಜೋರಿರುವ ಒಬ್ಬನೇ ಎಲ್ಲ ಮಾಡಿ ಮುಗಿಸುತ್ತಾನೆ, ಇಬ್ಬರು ನೋಡುತ್ತಾ ಕೂರುತ್ತಾರೆ.

ಇಂಟರ್‌ನೆಟ್ ನಂಬಿ ಪಾಠ ಯೋಜಿಸಬೇಡಿ. ಕಿವಿಕ್ಸ್ ಅನ್ನುವ ಉಚಿತ ತಂತ್ರಾಂಶದಲ್ಲಿ ವಿಕಿಪೀಡಿಯವನ್ನೇ ಇಳಿಸಿಕೊಂಡು ಆಫ್‌ಲೈನ್ ಓದಬಹುದು. ಕೊಲಿಬ್ರಿ ಅಂತ ಇನ್ನೊಂದಿದೆ, ಅದನ್ನು ಮಾಡಿರುವುದೇ ಇಂಟರ್‌ನೆಟ್ ಇಲ್ಲದ ಶಾಲೆಗಳಿಗಾಗಿ. ಗಣಿತ, ವಿಜ್ಞಾನಕ್ಕೆ ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದ ಫೆಟ್ (PhET) ನೋಡಿ, ಪರದೆಯ ಮೇಲೆ ಮಕ್ಕಳೇ ಆಡಿಸಿ ನೋಡುವ ಪ್ರಯೋಗಗಳು. ನೊಬೆಲ್ ಪಡೆದ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಶುರು ಮಾಡಿದ್ದು. ಅದರಲ್ಲಿ ಸೀಸಾ ಹಲಗೆಯ ಆಟ ಒಂದಿದೆ, ಭಾರಗಳನ್ನು ಹಿಂದೆ ಮುಂದೆ ಸರಿಸಿ ಸಮ ಮಾಡಬೇಕು. ಭಿನ್ನರಾಶಿಗೂ ಇದೆ. ಇಳಿಸಿಟ್ಟುಕೊಂಡರೆ ಇಂಟರ್‌ನೆಟ್ ಇಲ್ಲದೆಯೂ ನಡೆಯುತ್ತದೆ.

ಪ್ರಶ್ನೆ: ನನ್ನ ಮಗಳು ಐದನೇ ತರಗತಿ. ಪ್ರಾಜೆಕ್ಟ್ ಕೊಟ್ಟರೆ ಗೂಗಲ್ ಮಾಡಿ ಮೇಲೆ ಬಂದದ್ದನ್ನು ಹಾಗೇ ಬರೆದುಕೊಂಡು ಹೋಗುತ್ತಾಳೆ. ಈಗೀಗ ಚಾಟ್‌ಜಿಪಿಟಿಗೂ ಕೇಳುತ್ತಾಳೆ. 'ಅದು ತಪ್ಪು ಹೇಳಲ್ಲ ಅಪ್ಪ' ಅಂತ ನನಗೇ ಪಾಠ. ಬೈದು ನಿಲ್ಲಿಸಲೇ?

ಉತ್ತರ: ಬೈಯಬೇಡಿ. ಪ್ರಶ್ನೆಯೇ ಹಾಗಿದ್ದರೆ ಮಗು ತಾನೇ ಏನು ಮಾಡೀತು? 'ನದಿಗಳ ಬಗ್ಗೆ ಒಂದು ಪುಟ ಬರೆಯಿರಿ' ಅಂದರೆ ನಕಲು ಮಾಡಿ ಅಂತಲೇ ಅರ್ಥ. ಇದನ್ನು ಶಿಕ್ಷಕರೂ ಓದುತ್ತಿದ್ದಾರೆ ಅಂತ ಗೊತ್ತಿದ್ದೇ ಹೇಳುತ್ತಿದ್ದೇನೆ.

ಬದಲಿಗೆ 'ಜಗತ್ತಿನ ಅತಿ ಉದ್ದದ ನದಿ ಯಾವುದು? ಎರಡು ಕಡೆ ನೋಡಿ ಬಾ' ಅನ್ನಿ. ಹೆಚ್ಚಿನ ಕಡೆ ನೈಲ್ ಅಂತ ಸಿಗುತ್ತದೆ, ಸುಮಾರು 6,650 ಕಿಲೋಮೀಟರ್. ಅಮೆಜಾನ್ 6,400 ಅಂತ ಒಂದು ಕಡೆ ಇದ್ದರೆ, ಅದೇ ನೈಲ್‌ಗಿಂತ ಉದ್ದ ಅಂತ ವಾದಿಸುವವರೂ ಸಿಗುತ್ತಾರೆ. ಈಗ ಮಗು ತಲೆ ಕೆರೆದುಕೊಳ್ಳುತ್ತದೆ. ನದಿ ಅಳೆಯುವುದು ಅಷ್ಟು ಕಷ್ಟವಾ? ಕಷ್ಟವೇ. ಹತ್ತಾರು ತೊರೆಗಳು ಸೇರುವಾಗ ನದಿ ಎಲ್ಲಿ ಶುರುವಾಯಿತು ಅನ್ನುವುದು? ಸಮುದ್ರ ಸೇರುವ ಕಡೆ ಎಲ್ಲಿಗೆ ನದಿ ಮುಗಿಯಿತು ಅನ್ನುವುದು? ದಾರವನ್ನು ನಕಾಶೆಯ ಮೇಲಿಟ್ಟು ಅವಳ ಕೈಯಲ್ಲೇ ಅಳೆಸಿ. ಪ್ರತಿ ಸಲವೂ ಬೇರೆ ಉತ್ತರ ಬರುತ್ತದೆ. ಇದನ್ನು ಎಲ್ಲಿಂದ ನಕಲು ಮಾಡುತ್ತಾಳೆ?

ಇಂಟರ್‌ನೆಟ್‌ನಲ್ಲಿ 'ಮರದ ಆಕ್ಟೋಪಸ್' ಅಂತ ಒಂದು ಪ್ರಾಣಿಯ ಪುಟ ಇದೆ. ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯ ಕಾಡಿನಲ್ಲಿ ಮರದ ಮೇಲೆ ವಾಸ, ಅಳಿವಿನಂಚಿನಲ್ಲಿದೆ, ಉಳಿಸಿ ಅಂತ ಫೋಟೊ ಸಮೇತ ಬರೆದಿದ್ದಾರೆ. 1998ರಲ್ಲಿ ಯಾರೋ ತಮಾಷೆಗೆ ಮಾಡಿದ್ದು. ಕನೆಕ್ಟಿಕಟ್ ವಿಶ್ವವಿದ್ಯಾಲಯದ ಸಂಶೋಧಕರು ಅದನ್ನು ಏಳನೇ ತರಗತಿಯ ಮಕ್ಕಳಿಗೆ, ಅದೂ ಇಂಟರ್‌ನೆಟ್‌ನಲ್ಲಿ ಓದುವುದರಲ್ಲಿ ಜಾಣರು ಅನ್ನಿಸಿಕೊಂಡವರಿಗೆ, ಕೊಟ್ಟು ನೋಡಿದರು. ಬಹುತೇಕ ಎಲ್ಲರೂ ನಂಬಿದರು. ಈ ಪುಟವನ್ನು ಮಗಳ ಜೊತೆ ಕೂತು ನೋಡಿ. ಸುಳ್ಳು ಅಂತ ಮೊದಲೇ ಹೇಳಬೇಡಿ. 'ಆಕ್ಟೋಪಸ್ ಉಸಿರಾಡುವುದು ಹೇಗೆ?' ಅಂತ ಮಾತ್ರ ಕೇಳಿ ಸುಮ್ನಿರಿ.

ಚಾಟ್‌ಜಿಪಿಟಿ ವಿಷಯ ಬೇರೆ. ಅದು ಬಂದದ್ದು 2022ರ ನವೆಂಬರ್‌ನಲ್ಲಿ. 13 ವರ್ಷದೊಳಗಿನವರಿಗೆ ಅಲ್ಲ ಅಂತ ಅದರ ನಿಯಮದಲ್ಲೇ ಇದೆ. ಹಾಗಾಗಿ ಅವಳೊಬ್ಬಳೇ ಬಳಸುವುದು ಬೇಡ. ನೀವು ನಿಮ್ಮ ಖಾತೆಯಲ್ಲಿ ಪಕ್ಕದಲ್ಲಿ ಕೂತು ತೋರಿಸಬಹುದು. ಅದು ಪದದ ಮುಂದೆ ಯಾವ ಪದ ಬಂದರೆ ಹೊಂದುತ್ತದೆ ಅಂತ ಲೆಕ್ಕ ಹಾಕಿ ಬರೆಯುವ ಯಂತ್ರ. ಗೊತ್ತಿಲ್ಲದಿದ್ದರೂ ಗೊತ್ತಿರುವ ಧಾಟಿಯಲ್ಲೇ ಬರೆಯುತ್ತದೆ. ಅವಳಿಗೆ ಚೆನ್ನಾಗಿ ಗೊತ್ತಿರುವುದನ್ನೇ ಕೇಳಿಸಿ. ಬಾಯಿಪಾಠ ಇರುವ ಪದ್ಯದ ಮೂರನೇ ಸಾಲು, ಅವಳ ತರಗತಿಯ ಗೋಡೆಯ ಮೇಲಿನ ಚಿತ್ರ. ಅದು ತಡವರಿಸುವುದನ್ನು ಅಥವಾ ರೀಲು ಬಿಡುವುದನ್ನು ಅವಳೇ ಕಣ್ಣಾರೆ ನೋಡಿದರೆ ನಿಮ್ಮ ಹತ್ತು ಬುದ್ಧಿಮಾತಿಗಿಂತ ಮೇಲು.

ಪ್ರಶ್ನೆ: ದಿನಕ್ಕೆ ಎಷ್ಟು ನಿಮಿಷ ಸ್ಕ್ರೀನ್ ನೋಡಬಹುದು? ಒಂದು ಲೆಕ್ಕ ಹೇಳಿ ಮೇಡಂ.

ಉತ್ತರ: ಐದು ವರ್ಷದೊಳಗಿನವರಿಗೆ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಲೆಕ್ಕ ಕೊಟ್ಟಿದೆ. ಒಂದು ವರ್ಷದ ಮಗುವಿಗೂ ಅದಕ್ಕಿಂತ ಚಿಕ್ಕವರಿಗೂ ಬೇಡವೇ ಬೇಡ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ದಾಟಬಾರದು, ಕಡಿಮೆಯಾದಷ್ಟೂ ಒಳ್ಳೆಯದು. ಶಾಲೆಗೆ ಹೋಗುವ ವಯಸ್ಸಿನವರಿಗೆ ಅದು ಇಂಥ ಒಂದು ಅಂಕಿ ಕೊಟ್ಟಿಲ್ಲ. ನಾನೂ ಕೊಡುವುದಿಲ್ಲ. ಒಂದು ಪಾಠದಲ್ಲಿ ಸತತವಾಗಿ ಹತ್ತು ನಿಮಿಷಕ್ಕಿಂತ ಜಾಸ್ತಿ ಪರದೆ ಬೇಕಾಗಿದ್ದು ನನಗೆ ನೆನಪಿಲ್ಲ.

ಪರದೆ ನೋಡುವಾಗ ಕಣ್ಣು ಮಿಟುಕಿಸುವುದು ಕಡಿಮೆಯಾಗುತ್ತದೆ, ಅದಕ್ಕೇ ಉರಿ. 20 ನಿಮಿಷಕ್ಕೊಮ್ಮೆ 20 ಅಡಿ ದೂರದ್ದನ್ನು 20 ಸೆಕೆಂಡ್ ನೋಡಿಸಿ. ಹೊರಗಿನ ಬೆಳಕಿನಲ್ಲಿ ಆಡುವ ಮಕ್ಕಳಿಗೆ ಸಮೀಪದೃಷ್ಟಿ ದೋಷ ಬರುವುದು ಕಡಿಮೆ. ಆಟದ ಪಿರಿಯಡ್ ಕಿತ್ತುಕೊಂಡು ಕಂಪ್ಯೂಟರ್ ಪಿರಿಯಡ್ ಮಾಡುವವರ ಮೇಲೆ ನನಗೆ ಸಿಟ್ಟಿರುವುದು ಅದಕ್ಕೇ.

ಪ್ರಶ್ನೆ: ನಮ್ಮ ಮಕ್ಕಳ ಶಾಲೆಯಲ್ಲಿ ಮುಂದಿನ ವರ್ಷದಿಂದ ಒಂದನೇ ತರಗತಿಗೂ ನೋಟ್‌ಬುಕ್ ಬದಲು ಟ್ಯಾಬ್ ಅಂತೆ. ಕಾಲಕ್ಕೆ ತಕ್ಕಂತೆ ಹೋಗಬೇಕು ಅನ್ನುತ್ತಾರೆ. ಒಪ್ಪಬಹುದಾ?

ಉತ್ತರ: ನೋಟ್‌ಬುಕ್ ಜೊತೆಗೆ ಅಂದಿದ್ದರೆ ಯೋಚಿಸಬಹುದಿತ್ತು. ಬದಲು ಅಂದರೆ ನನ್ನ ಉತ್ತರ ಬೇಡ.

ಅಕ್ಷರ ಕಲಿಯುವುದರಲ್ಲಿ ಕೈಗೆ ದೊಡ್ಡ ಪಾಲಿದೆ. ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದವರು 2012ರಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ. ಇನ್ನೂ ಓದಲು ಬಾರದ ಐದು ವರ್ಷದ ಮಕ್ಕಳಿಗೆ ಅಕ್ಷರಗಳನ್ನು ಕೈಯಲ್ಲಿ ಬರೆಸಿದರು, ಗೆರೆಯ ಮೇಲೆ ತಿದ್ದಿಸಿದರು, ಕೀಲಿಮಣೆಯಲ್ಲಿ ಒತ್ತಿಸಿದರು. ಆಮೇಲೆ ಅದೇ ಅಕ್ಷರ ತೋರಿಸಿ ಮಿದುಳಿನ ಸ್ಕ್ಯಾನ್ ಮಾಡಿದರು. ಓದುವಾಗ ಕೆಲಸ ಮಾಡುವ ಜಾಗಗಳು ಎದ್ದು ಕಂಡದ್ದು ಕೈಯಲ್ಲಿ ತಾವೇ ಬರೆದ ಅಕ್ಷರಗಳಿಗೆ. ಒತ್ತಿದ್ದಕ್ಕೆ ಹಾಗಾಗಲಿಲ್ಲ. ಮಗು ಬರೆದ 'ಅ' ಒಂದೊಂದು ಸಲ ಒಂದೊಂದು ಥರ ಇರುತ್ತದೆ. ಅಷ್ಟೆಲ್ಲ ಸೊಟ್ಟಪಟ್ಟ ಇದ್ದರೂ ಎಲ್ಲವೂ 'ಅ' ಅಂತ ಅದಕ್ಕೆ ತಿಳಿಯುತ್ತದೆ. ಗುಂಡಿ ಒತ್ತಿದರೆ ಪ್ರತಿ ಸಲವೂ ಒಂದೇ 'ಅ'.

ಕಾಲಕ್ಕೆ ತಕ್ಕಂತೆ ಅನ್ನುವವರಿಗೆ ಸ್ವೀಡನ್ ಕಥೆ ಹೇಳಿ. ತರಗತಿಗೆ ಡಿಜಿಟಲ್ ಸಾಧನ ತರುವುದರಲ್ಲಿ ಮುಂದಿದ್ದ ದೇಶ ಅದು. 2023ರಲ್ಲಿ ಅಲ್ಲಿನ ಸರ್ಕಾರವೇ ಹಿಂದೆ ತಿರುಗಿ, ಅಚ್ಚಿನ ಪಠ್ಯಪುಸ್ತಕ ಮತ್ತು ಕೈಬರಹಕ್ಕೆ ಒತ್ತು ಕೊಡಲು ಹೊರಟಿತು. ದೊಡ್ಡ ಮಕ್ಕಳ ಕಥೆಯೂ ಅಷ್ಟು ಸಲೀಸಲ್ಲ. 15 ವರ್ಷದವರಿಗೆ ಹಲವು ದೇಶಗಳಲ್ಲಿ ನಡೆಯುವ ಪೀಸಾ ಪರೀಕ್ಷೆಯ 2022ರ ವರದಿ ನೋಡಿ. ಒಇಸಿಡಿ (ಹೆಚ್ಚಾಗಿ ಶ್ರೀಮಂತ ರಾಷ್ಟ್ರಗಳ ಒಕ್ಕೂಟ) ದೇಶಗಳಲ್ಲಿ ಸರಾಸರಿ ಶೇ 65ರಷ್ಟು ಮಕ್ಕಳು, ಗಣಿತದ ಕೆಲವು ತರಗತಿಗಳಲ್ಲಾದರೂ ಡಿಜಿಟಲ್ ಸಾಧನದಿಂದ ತಮ್ಮ ಗಮನ ತಪ್ಪುತ್ತದೆ ಅಂತ ತಾವೇ ಒಪ್ಪಿಕೊಂಡಿದ್ದಾರೆ. ಅವರದೇ ಈ ಪಾಡಾದರೆ ಆರು ವರ್ಷದವರದು?

ಒಂದು ವಿಷಯ ಬಿಟ್ಟು ಹೇಳಬಾರದು. ಕಣ್ಣು ಸರಿಯಾಗಿ ಕಾಣದ, ಬರೆಯಲು ಕೈ ಸಾಗದ, ಅಕ್ಷರ ಗುರುತಿಸಲು ಒದ್ದಾಡುವ ಮಗುವಿಗೆ ಟ್ಯಾಬ್ ವರ. ಅಕ್ಷರ ದೊಡ್ಡದು ಮಾಡುತ್ತದೆ, ಬರೆದದ್ದನ್ನು ಓದಿ ಹೇಳುತ್ತದೆ, ಹೇಳಿದ್ದನ್ನು ಬರೆದುಕೊಳ್ಳುತ್ತದೆ. ಇಂಥ ಮಗು ಕ್ಲಾಸಿನಲ್ಲಿದ್ದರೆ ಮೊದಲ ಟ್ಯಾಬ್ ಅದಕ್ಕೇ ಸಿಗಬೇಕು.

ಪ್ರಶ್ನೆ: ಮೂರನೇ ತರಗತಿಯವರಿಗೆ ಕೋಡಿಂಗ್ ಕಲಿಸಿ ಅಂತ ಪೋಷಕರ ಒತ್ತಾಯ. ಬೇಕಾ ಅದು?

ಉತ್ತರ: ಕೋಡಿಂಗ್ ಅಂದರೆ ಯಂತ್ರಕ್ಕೆ ಹಂತ ಹಂತವಾಗಿ ಸೂಚನೆ ಬರೆಯುವುದು, ಅದನ್ನು ಕಂಪ್ಯೂಟರ್ ಇಲ್ಲದೆ ಶುರು ಮಾಡಿ. ಒಬ್ಬರಿಗೆ ಕಣ್ಣು ಕಟ್ಟಿ ರೋಬೋಟ್ ಮಾಡಿ. ಬೆಂಚಿನಿಂದ ಬಾಗಿಲಿಗೆ ಹೋಗುವ ಸೂಚನೆಗಳನ್ನು ಉಳಿದವರು ಮೊದಲೇ ಚೀಟಿಯಲ್ಲಿ ಬರೆಯಬೇಕು. 'ಮುಂದೆ ಹೋಗು' ಅಂತ ಮಾತ್ರ ಬರೆದರೆ ರೋಬೋಟ್ ನಿಲ್ಲುವುದೇ ಇಲ್ಲ, ಗೋಡೆಗೆ ಹೋಗಿ ತಾಗುತ್ತದೆ. ಎಷ್ಟು ಹೆಜ್ಜೆ ಅಂತ ಬರೆಯಬೇಕು ಅಂತ ಆಗ ಹೊಳೆಯುತ್ತದೆ. ಇದು ರೂಢಿಯಾದ ಮೇಲೆ, ಸೂಚನೆಯ ತುಣುಕುಗಳನ್ನು ಪರದೆಯ ಮೇಲೆ ಜೋಡಿಸುವ ಸ್ಕ್ರ್ಯಾಚ್‌ಗೆ ಹೋಗಿ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು 2007ರಲ್ಲಿ ತಂದದ್ದು, ಉಚಿತ. ಐದರಿಂದ ಏಳು ವರ್ಷದವರಿಗೆ ಸ್ಕ್ರ್ಯಾಚ್ ಜೂನಿಯರ್ ಬೇರೆ ಇದೆ, ಅದರಲ್ಲಿ ಓದು ಬರದಿದ್ದರೂ ನಡೆಯುತ್ತದೆ. ಸರ್ಟಿಫಿಕೇಟ್ ಕೊಡುವ ಕೋರ್ಸ್ ಬೇಕಿಲ್ಲ.

ಪ್ರಶ್ನೆ: ಪೋಷಕರ ವಾಟ್ಸ್ಆ್ಯಪ್ ಗುಂಪಿಗೆ ತರಗತಿಯ ಫೋಟೊ ಹಾಕುತ್ತಿರುತ್ತೇನೆ, ಎಲ್ಲರಿಗೂ ಖುಷಿ. ಮೊನ್ನೆ ಒಬ್ಬ ತಾಯಿ 'ನನ್ನ ಮಗನ ಫೋಟೊ ತೆಗೆದುಬಿಡಿ' ಅಂದರು. ನನಗೆ ಬೇಜಾರಾಯಿತು.

ಉತ್ತರ: ಬೇಜಾರು ಮಾಡಿಕೊಳ್ಳಬೇಡಿ ಮೇಡಂ, ತೆಗೆದುಬಿಡಿ. ಕಾರಣ ಕೇಳಲೂ ಬೇಡಿ. ಮನೆಯ ವ್ಯಾಜ್ಯದಿಂದ ವಿಳಾಸ ಗುಟ್ಟಾಗಿಟ್ಟುಕೊಂಡಿರುವ ತಾಯಂದಿರನ್ನು ನಾನು ನೋಡಿದ್ದೇನೆ. ಸಮವಸ್ತ್ರ, ಕೊರಳ ಗುರುತಿನ ಚೀಟಿ, ಹಿಂದೆ ಶಾಲೆಯ ಬೋರ್ಡು. ಒಂದು ಫೋಟೊದಲ್ಲಿ ಮಗುವಿನ ಹೆಸರು, ತರಗತಿ, ಇರುವ ಜಾಗ ಎಲ್ಲ ಸಿಕ್ಕಿಬಿಡುತ್ತದೆ. ಗುಂಪಿನಲ್ಲಿ ನೂರು ಜನ ಇದ್ದರೆ ಅದು ಎಲ್ಲೆಲ್ಲಿಗೆ ಫಾರ್ವರ್ಡ್ ಆಯಿತು ಅಂತ ನಿಮಗೆ ಗೊತ್ತಾಗುವುದಿಲ್ಲ. ವರ್ಷದ ಶುರುವಿನಲ್ಲೇ ಲಿಖಿತ ಒಪ್ಪಿಗೆ ತೆಗೆದುಕೊಳ್ಳಿ, ಕೊಡದವರ ಮಕ್ಕಳ ಹೆಸರು ನಿಮ್ಮ ಮೇಜಿನ ಮೇಲಿರಲಿ. ಮಕ್ಕಳ ಹೆಸರು, ಹುಟ್ಟಿದ ದಿನ ಕೇಳುವ ಆ್ಯಪ್‌ಗಳಿಗೂ ಇದೇ ಎಚ್ಚರ. ಕ್ಲಾಸಿಗೆಲ್ಲ ಒಂದೇ ಖಾತೆ ಸಾಕಾಗುವ ಕಡೆ ಮಗುವಿಗೊಂದು ಖಾತೆ ತೆರೆಯಬೇಡಿ.

ಫೋಟೊ ನಿಲ್ಲಿಸಬೇಕು ಅಂತಲ್ಲ. ಮುಖ ಬಿಟ್ಟು ಕೆಲಸ ತೆಗೆಯಿರಿ. ನಾನು ಒಮ್ಮೆ ದೊಡ್ಡ ಹಾಳೆಯ ಮೇಲೆ ನಕಾಶೆ ಬಿಡಿಸುತ್ತಿದ್ದ ಗುಂಪನ್ನು ಮೇಲಿನಿಂದ ತೆಗೆದು ಹಾಕಿದ್ದೆ. ಎಂಟು ಕೈಗಳು, ಒಂದರ ಹೆಬ್ಬೆರಳಿಗೆ ಇಂಕು, ಒಂದರ ಮೇಲೆ ಪೆನ್ನಿನಲ್ಲಿ ಬಿಡಿಸಿಕೊಂಡ ಗಡಿಯಾರ. ಸಂಜೆಯೊಳಗೆ ಮೂವರು ತಾಯಂದಿರು 'ಇದು ನಮ್ಮವಳ ಕೈ' ಅಂತ ಗುರುತು ಹಿಡಿದು ಬರೆದಿದ್ದರು. ಒಬ್ಬರದು ತಪ್ಪಾಗಿತ್ತು.